ತಣ್ಣಗಿದ್ದ ಸ್ಯಾಂಪಲ್

ಡಬ್ಬಿಯ ಬದಿಗೆ ಅಂಟಿಸಿದ್ದ ಉಷ್ಣತೆಯ ಪಟ್ಟಿಯಲ್ಲಿ ಒಂದು ಅಂಕಿಯೂ ಮೂಡಲಿಲ್ಲ. ನಾಗೇಂದ್ರ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗಿದ್ದದ್ದು ಎಳನೀರಿನಷ್ಟು ತಿಳಿಯಾಗಿತ್ತು, ಮುಟ್ಟಿದರೆ ಕೊಡದ ನೀರಿನಷ್ಟು ತಣ್ಣಗಿತ್ತು. ಈಗಷ್ಟೇ ಮೈಯಿಂದ ಹೊರಬಿದ್ದ ಮೂತ್ರ ಹೀಗಿರಲು ಸಾಧ್ಯವೇ ಇಲ್ಲ. ನಲ್ಲಿ ನೀರು ಬೆರೆಸಿದ್ದಾರೆ. ಡಬ್ಬಿಯ ಮೇಲಿದ್ದ ಹೆಸರನ್ನು ಅವನು ಮತ್ತೊಮ್ಮೆ ಓದಿದ. ರವೀಶ್. ಬೆಳಿಗ್ಗೆ ಹತ್ತೂವರೆಗೇ ಅವನಿಗೆ ಹೋಳಿಗೆ ಊಟ ಮಾಡಿದಷ್ಟು ತೃಪ್ತಿಯಾಯಿತು.

ರಿಪ್ಪನ್‌ಪೇಟೆಯಲ್ಲಿ ಡಾಕ್ಟರ್ ಶೇಷಪ್ಪನವರ ಲ್ಯಾಬಿನಲ್ಲಿ ನಾಗೇಂದ್ರ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ಈಚೆಗೆ ಹುಬ್ಬಳ್ಳಿ ಕಡೆಯ ಬಸ್ ಕಂಪನಿಯೊಂದು ಕೆಲಸಕ್ಕೆ ಅರ್ಜಿ ಹಾಕಿದ ಈ ಭಾಗದ ಡ್ರೈವರುಗಳನ್ನು ಗಾಂಜಾ ಮುಂತಾದವುಗಳ ಪರೀಕ್ಷೆಗೆ ಇಲ್ಲಿಗೆ ಕಳಿಸುತ್ತಿತ್ತು. ಕೊಟ್ಟ ಮೂತ್ರ ಅಸಲಿಯೋ, ನೀರು ಬೆರೆಸಿದ್ದೋ ಎಂದು ಮೊದಲು ನೋಡಬೇಕು. ಆಮೇಲೆ ಪರೀಕ್ಷೆ.

ರವೀಶ್ ಪಕ್ಕದ ಮನೆಯವನು, ಶಾಲೆಯ ವ್ಯಾನ್ ಓಡಿಸುವವನು. ಅವನನ್ನು ಕಂಡರೆ ನಾಗೇಂದ್ರನ ಹೊಟ್ಟೆಗೆ ಮೆಣಸಿನಪುಡಿ ಬಿದ್ದಂತಾಗುತ್ತಿತ್ತು. ಮಿಕ್ಸಿ ನಿಂತರೆ ಹೆಂಡತಿ ಲಿಖಿತಾ ಗಂಡನ ಕಡೆ ನೋಡದೆ ರವೀಶಣ್ಣನನ್ನು ಕೂಗುತ್ತಿದ್ದಳು. ನಾಗೇಂದ್ರ ಇಡೀ ಭಾನುವಾರ ಕೂತು ರಿಪೇರಿ ಮಾಡಿದ ನಲ್ಲಿ ಸೋಮವಾರ ಸೋರಿದಾಗ, ಅದನ್ನು ಎರಡು ನಿಮಿಷದಲ್ಲಿ ಸರಿಮಾಡಿದವನು ರವೀಶ್. ನಾಗೇಂದ್ರನ ನಾಯಿ ಕೂಡ ಅನ್ನ ಇಲ್ಲಿ ತಿಂದು ನಿದ್ದೆಗೆ ರವೀಶನ ಜಗಲಿಗೆ ಹೋಗುತ್ತಿತ್ತು. ಈಗ ಆತ ಬಿಳಿಯ ಸ್ಲೀಪರ್ ಬಸ್ಸಿಗೆ ಡ್ರೈವರಾಗುತ್ತಾನೆ, ಯೂನಿಫಾರ್ಮು, ಟೋಪಿ ಎಲ್ಲ ಕೊಡುತ್ತಾರೆ ಎಂಬ ಸುದ್ದಿ ಕೇಳಿದ ಮೇಲೆ ನಾಗೇಂದ್ರನಿಗೆ ಊಟವೇ ರುಚಿಸುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ತನ್ನ ತಲೆಗೆ ಯಾರೂ ಟೋಪಿ ಇಟ್ಟಿರಲಿಲ್ಲ.

"ರವೀಶಣ್ಣ, ಇದಕ್ಕೆ ನೀರು ಹಾಕಿದೀರಾ?" ಎಂದು ಅವನು ಹೊರಗೆ ಬೆಂಚಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಕೇಳಿದ.

"ಇಲ್ಲಪ್ಪ. ನಾನು ಎಂತಕ್ಕೆ ಹಾಕ್ಲಿ" ಎಂದು ರವೀಶ್ ಗೋಡೆಯ ಕಡೆ ಮುಖ ಮಾಡಿದ.

ನಾಗೇಂದ್ರ ನಿಯಮ ಓದಿ ಹೇಳಿದ. ಇನ್ನೊಂದು ಸ್ಯಾಂಪಲ್ಲನ್ನು ತನ್ನ ಕಣ್ಣೆದುರೇ ಕೊಡಬೇಕು. ಅದಕ್ಕೆ ಮೂರು ಗಂಟೆ ಗಡುವು, ಕುಡಿಯಲು ಹೆಚ್ಚೆಂದರೆ ಒಂದು ಲೀಟರ್ ನೀರು. ಅಲ್ಲಿಯವರೆಗೆ ಕಣ್ಣಳತೆ ದಾಟುವಂತಿಲ್ಲ. ಕೊಡದಿದ್ದರೆ 'ನಿರಾಕರಿಸಿದ್ದಾರೆ' ಎಂದು ಬರೆಯುವುದು, ಅಲ್ಲಿಗೆ ಕೆಲಸವೂ ಹೋದಂತೆ.

ರವೀಶ್ ನೀರನ್ನೆಲ್ಲ ಕುಡಿದು ಬೆಂಚಿನ ಮೇಲೆ ಕೂತ. ಸಕ್ಕರೆ ಪರೀಕ್ಷೆಗೆ ಕೋಣಂದೂರಿನಿಂದ ಬಂದಿದ್ದ ವರದಮ್ಮನ ಫೋನಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ರವೀಶ್ ಅದರ ತೂತಿನಲ್ಲಿದ್ದ ಕೊಳೆಯನ್ನು ಗುಂಡುಸೂಜಿಯಿಂದ ತೆಗೆದುಕೊಟ್ಟ. ಒಳಗೆ ರಕ್ತದ ಟ್ಯೂಬುಗಳನ್ನು ತಿರುಗಿಸುವ ಯಂತ್ರ ಗಡಗಡ ಕುಣಿಯುತ್ತಿತ್ತು. ರವೀಶ್ ಎದ್ದುಹೋಗಿ ಅದರ ಕಾಲಿನಡಿ ಒಂದು ರಟ್ಟಿನ ಚೂರು ಮಡಿಸಿ ಇಟ್ಟ, ಯಂತ್ರ ಮಗುವಿನಂತೆ ಸುಮ್ಮನಾಯಿತು. ಸಹೋದ್ಯೋಗಿ ಕವನಾ ತನ್ನ ಪಾಲಿನ ಮಜ್ಜಿಗೆಯನ್ನೇ ಅವನಿಗೆ ಕೊಡಲು ಹೋದಳು. ಮಜ್ಜಿಗೆ ಲೀಟರಿನ ಲೆಕ್ಕಕ್ಕೆ ಬರುತ್ತದೆ ಎಂದು ನಾಗೇಂದ್ರ ತಡೆದ.

ಸದ್ದು ನಿಂತದ್ದಕ್ಕೆ ಗಾಬರಿಯಾಗಿ ಶೇಷಪ್ಪನವರು ಹೊರಗೆ ಬಂದರು. "ಹನ್ನೊಂದು ವರ್ಷದಿಂದ ಇದು ಕುಣೀತಾನೇ ಇತ್ತು. ಒಂದು ರಟ್ಟು ಇಡ್ಬೇಕು ಅಂತ ನಿಂಗೆ ಹೊಳೀಲಿಲ್ವಾ, ನಾಗೇಂದ್ರ?"

ಹನ್ನೆರಡು ದಾಟುವಾಗ ಹೊಸ ತೊಂದರೆ ಶುರುವಾಯಿತು. ಬೆಳಿಗ್ಗೆ ಕುಡಿದ ಮೂರು ಲೋಟ ಚಹಾ ನಾಗೇಂದ್ರನ ಕಿಬ್ಬೊಟ್ಟೆಯಲ್ಲಿ ದಾರಿ ಕೇಳತೊಡಗಿತು. ಕವನಾಳನ್ನು ಕಾವಲಿಗೆ ಕೂರಿಸಿ ಹೋಗೋಣವೆಂದರೆ ಅವಳು ಆಗಲೇ ರವೀಶನ ಕಡೆ ಸೇರಿಯಾಗಿತ್ತು. ಡಾಕ್ಟರು ತಾವು ನೋಡಿಕೊಳ್ಳುತ್ತೇವೆ ಎಂದರು, ಅವರ ಮೇಲೂ ನಂಬಿಕೆ ಬರಲಿಲ್ಲ. ಅವನು ಕಾಲ ಮೇಲೆ ಕಾಲು ಹಾಕಿ, ಆಮೇಲೆ ಕಾಲು ಬದಲಾಯಿಸಿ, ಕೊನೆಗೆ ಗೋಡೆಗೊರಗಿ ನಿಂತ. ಒಂದು ಲೀಟರ್ ಕುಡಿದ ರವೀಶ್ ಮಾತ್ರ ಕಲ್ಲಿನಂತೆ ಕೂತಿದ್ದ. ಎರಡು ಸಲ ಬಚ್ಚಲಿಗೆ ಕರೆದುಕೊಂಡು ಹೋಗಿ ಎದುರಿಗೆ ನಿಂತದ್ದೂ ಆಯಿತು. ಒಂದು ಹನಿ ಬೀಳಲಿಲ್ಲ.

"ಹಂಗೆ ಕಣ್ಣು ಬಿಟ್ಕೊಂಡು ನಿಂತ್ರೆ ಯಾರಿಗೆ ಬತ್ತದೆ ಮಾರಾಯ" ಎಂದರು ವರದಮ್ಮ. ರಿಪೋರ್ಟು ಸಿಕ್ಕಿದರೂ ಅವರು ಎದ್ದಿರಲಿಲ್ಲ.

ಒಂದು ಗಂಟೆಗೆ ಶೇಷಪ್ಪನವರು ನಾಗೇಂದ್ರನನ್ನು ಬದಿಗೆ ಕರೆದು, ಪಾಪ, ಸಂಸಾರಸ್ಥ, ಇನ್ನೊಂದು ಗಂಟೆ ಹೆಚ್ಚಿಗೆ ಕೊಡೋಣ ಎಂದರು. ನಾಗೇಂದ್ರ ಹಲ್ಲು ಕಚ್ಚಿಕೊಂಡು ನಿಯಮ ಅಂದರೆ ನಿಯಮ ಎಂದ. ಹಲ್ಲು ಕಚ್ಚಿದ್ದು ನಿಯಮಕ್ಕಾಗಿ ಮಾತ್ರವಲ್ಲ.

ಒಂದೂವರೆ ಹೊಡೆಯಿತು. 'ಮೊದಲ ಸ್ಯಾಂಪಲ್ ಕಲಬೆರಕೆ, ಎರಡನೆಯದಕ್ಕೆ ನಿರಾಕರಣೆ' ಎಂದು ಬರೆದು, ರುಜು ಹಾಕಿ, ಕಂಪನಿಗೆ ಕಳಿಸಿ ನಾಗೇಂದ್ರ ಬಚ್ಚಲಿಗೆ ಓಡಿದ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಮಳೆಗಾಲದ ಜೋಗ ಬಿದ್ದಂತೆ ಸದ್ದು. ರವೀಶನೇ. ಒಂದು ನಿಮಿಷ ತಡಮಾಡಿಬಿಟ್ಟೆಯಲ್ಲ ಮಗನೆ ಎಂದುಕೊಂಡ ನಾಗೇಂದ್ರ, ಹೊರಗೆ ಒಂಟಿಕಾಲಲ್ಲಿ ಕುಣಿಯುತ್ತಲೇ ನಕ್ಕ.

ಸಂಜೆ ಅವನು ಸಿಳ್ಳೆ ಹಾಕುತ್ತ ಮನೆಗೆ ಬಂದ. ಲಿಖಿತಾ ಬಾಗಿಲಲ್ಲೇ ಮುಖ ಊದಿಸಿಕೊಂಡು ಕೂತಿದ್ದಳು. ರವೀಶನ ಹೆಂಡತಿ ಪ್ರತಿಮಾ ಮಧ್ಯಾಹ್ನದಿಂದ ಅಳುತ್ತಿದ್ದಾಳೆ, ಕಟ್ಟಿದ ಸಾಮಾನನ್ನೆಲ್ಲ ಬಿಚ್ಚುತ್ತಿದ್ದಾಳೆ ಎಂದಳು.

"ಸಾಮಾನು ಎಂತಕ್ಕೆ ಕಟ್ಟಿದ್ರು?"

"ಹುಬ್ಬಳ್ಳಿಗೆ ಹೋಗೋಕೆ. ಕಂಪನಿಯೋರು ಅಲ್ಲೇ ಮನೆ ಕೊಡ್ತಿದ್ರು. ಭಾನುವಾರ ಲಾರಿ ಬರೋದಿತ್ತು."

"ಊರು ಬಿಟ್ಟು ಹೋಗ್ತಿದ್ರಾ? ನಂಗೆ ಹೇಳ್ಲೇ ಇಲ್ವಲ್ಲ."

"ಹೇಳೋಕೆ ಬಂದ್ರೆ ಕೇಳಿದ್ರಾ? ರವೀಶಣ್ಣನ ಹೆಸರು ತೆಗೆದ ಕೂಡ್ಲೆ ಎದ್ದು ಹೋದ್ರಿ."

ನಾಗೇಂದ್ರ ಮೆಟ್ಟಿಲ ಮೇಲೆ ಕುಸಿದು ಕೂತ. ಗೋಡೆಯಾಚೆ ರವೀಶ್ ಇಲ್ಲದ ಮನೆ, ಮಿಕ್ಸಿ ಹಿಡಿದು ತನ್ನ ಹತ್ತಿರವೇ ಬರುವ ಹೆಂಡತಿ, ಎಲ್ಲ ಭಾನುವಾರದಿಂದ ಆಗುವುದಿತ್ತು. ಆ ಲಾರಿಯನ್ನು ನಿಲ್ಲಿಸಿದ್ದು ತನ್ನದೇ ರುಜು.

ಅಷ್ಟರಲ್ಲಿ ರವೀಶ್ ಬಂದ. ಬೈಯಲು ಬಂದನೆಂದು ನಾಗೇಂದ್ರ ಎದ್ದು ನಿಂತರೆ, ಅವನು ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ತನ್ನ ಮನೆಗೆ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ.

"ನಿಮ್ಮ ಉಪಕಾರ ಸಾಯೋವರ್ಗೂ ಮರೆಯಲ್ಲ ನಾಗೇಂದ್ರಣ್ಣ. ನಂಗೆ ಈ ಊರು ಬಿಡೋ ಮನಸ್ಸೇ ಇರ್ಲಿಲ್ಲ. ಬ್ಯಾಡ ಅಂದಿದ್ರೆ ಪ್ರತಿಮಾ ಮನೆಯೊಳಗೆ ಸೇರಿಸ್ತಿರ್ಲಿಲ್ಲ. ಅದಕ್ಕೇ ನಲ್ಲಿ ನೀರು ಹಾಕಿದ್ದು. ಪಕ್ಕದ ಮನೆಯವ ಅಂತ ನೀವೆಲ್ಲಿ ಪಾಸ್ ಮಾಡ್ತೀರೋ ಅಂತ ಹೆದರಿಕೆ ಆಗಿತ್ತು. ಆ ಮೂರು ಗಂಟೆ ಹಿಡ್ಕೊಂಡಿದ್ದ ಕಷ್ಟ ನಂಗೊಬ್ಬನಿಗೇ ಗೊತ್ತು."

ಆ ಕಷ್ಟ ನಾಗೇಂದ್ರನಿಗೂ ಗೊತ್ತಿತ್ತು.

ಶಾಲೆಯವರು ಸಂಶಯಪಡಬಾರದೆಂದು ಶೇಷಪ್ಪನವರೇ ಮಧ್ಯಾಹ್ನ ಬೇರೆ ಪರೀಕ್ಷೆ ಮಾಡಿ, ಏನೂ ಇಲ್ಲವೆಂದು ಬರೆದುಕೊಟ್ಟರಂತೆ. ಅಷ್ಟೇ ಅಲ್ಲ, ಆ ಕುಣಿಯುವ ಯಂತ್ರವನ್ನು ನಿಲ್ಲಿಸಿದ ಕೈಯನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲವಂತೆ.

"ನಾಳೆಯಿಂದ ವ್ಯಾನ್ ಟ್ರಿಪ್ ಮುಗಿಸಿ ನಿಮ್ಮ ಲ್ಯಾಬಿಗೇ ಬರ್ತೀನಿ, ಮೆಷಿನೆಲ್ಲ ನೋಡ್ಕೊಳ್ಳೋಕೆ" ಎಂದ ರವೀಶ್. "ಸಂಜೆ ಇಬ್ರೂ ನಿಮ್ಮ ಬೈಕಲ್ಲೇ ವಾಪಸ್ ಬಂದ್ರಾಯ್ತು."