ಕುಡುಕ ಅಂಗಳ

ಮಗಳ ಮದುವೆಗೆಂದು ರುಮೆನ್ ಅಂಗಳಕ್ಕೆ ಹೊಸ ಕಾಂಕ್ರೀಟು ಹಾಕಿದ್ದೇ ಎಡವಟ್ಟಾಯಿತು.

ಅದು ನೀರು ಕುಡಿಯುವ ಕಾಂಕ್ರೀಟು. ಮರಳು ಬೆರೆಸದೆ ಬರೀ ಜಲ್ಲಿಗೆ ಸಿಮೆಂಟು ಸವರಿ ಮಾಡಿದ್ದು. ಮಂಡಕ್ಕಿ ಉಂಡೆಯಂತೆ ಮೈಯೆಲ್ಲ ತೂತು. ಸುರಿದ ನೀರು ತೂತಿಳಿದು, ಕೆಳಗಿನ ಜಲ್ಲಿಹಾಸಿನಲ್ಲಿ ತಂಗಿ, ನಿಧಾನಕ್ಕೆ ಮಣ್ಣು ಸೇರುತ್ತದೆ. ಬಲ್ಗೇರಿಯದ ಆ ಹಳ್ಳಿಗೇ ಮೊದಲನೆಯದು. ಬೆಳಗಿನಿಂದ ಬಂದವರಿಗೆಲ್ಲ ರುಮೆನ್ ಮೊದಲು ಅಂಗಳ ತೋರಿಸಿದ, ಆಮೇಲೆ ಮದುಮಗಳನ್ನು.

ಹೆಣ್ಣು ತವರು ಬಿಡುವ ಹೊತ್ತು ಬಂತು. ಡೋಲು ಜೋರಾಯಿತು. ಹೊಸ್ತಿಲಾಚೆ ತಾಮ್ರದ ಬಿಂದಿಗೆ, ಅದರ ತುಂಬ ನೀರು, ಮೇಲೊಂದು ಹೂವು. ಮದುಮಗಳು ಒದ್ದಾಗ ನೀರು ಎಷ್ಟು ದೂರ ಹರಿದರೆ ಅವಳ ಬಾಳು ಅಷ್ಟು ಸಲೀಸು. ಮದುಮಗಳು ನೇವೆನಾ ಬಲಗಾಲಲ್ಲಿ ಒದ್ದಳು.

ನೀರು ಒಂದು ಗೇಣು ಹರಿದು ಮಾಯವಾಯಿತು. ಹೂವೊಂದೇ ಅಂಗಳದಲ್ಲಿ ಪೆಚ್ಚಾಗಿ ಕೂತಿತು. ಡೋಲು ನಿಂತಿತು.

"ಏನಿದು ಬೀಗರೇ?" ಅಂದಳು ಗಂಡಿನ ತಾಯಿ ದೋಂಕಾ. "ನಮ್ಮ ಸೊಸೆ ಭಾಗ್ಯಾನ ನಿಮ್ಮ ನೆಲ ನುಂಗ್ಬಿಡ್ತಲ್ಲ."

"ಹರಿದಿದೆ ಬೀಗಿತ್ತಿ. ಮುಂದಕ್ಕೆ ಹರೀಲಿಲ್ಲ, ಕೆಳಕ್ಕೆ ಹರೀತು."

"ಬಾಳು ಪಾತಾಳಕ್ಕೆ ಅನ್ನಿ. ನೀರು ಗೇಟು ಮುಟ್ಟಲಿ, ಆಮೇಲೇ ದಿಬ್ಬಣ."

ರುಮೆನ್ ಓಡಿಹೋಗಿ ಮತ್ತೆ ಬಿಂದಿಗೆ ತುಂಬಿಸಿ ತಂದ. ನೆಲದಲ್ಲಿ ನೀರು ಸರಾಗವಾಗಿ ಇಳಿಯಿತು. ಎರಡನೇ ಬಿಂದಿಗೆ, ಗುಳುಂ. ಪಕ್ಕದ ಮನೆಯ ಮಿತ್ಕೋ ಬಕೆಟ್ಟು ತಂದ, ಗುಳುಂ. ಇನ್ನೊಬ್ಬರು ಹಂಡೆಯನ್ನೇ ಹೊತ್ತು ತಂದರು, ಅದೂ ಗುಳುಂ.

"ನಮ್ಮ ಚಿಕ್ಕಪ್ಪ ಬಿಟ್ಟಿ ಸಾರಾಯೀನೂ ಹೀಗೆ ಕುಡಿದೋನಲ್ಲ," ಅಂದ ಮಿತ್ಕೋ.

ಒದ್ದೂ ಒದ್ದೂ ನೇವೆನಾಳ ಚಪ್ಪಲಿಯ ಹಿಮ್ಮಡಿ ಕಿತ್ತುಬಂತು. "ಅಪ್ಪಾ, ನಿಂಗೆ ನಾನು ಬೇಕೋ ಅಂಗಳ ಬೇಕೋ, ಹೇಳ್ಬಿಡು."

ಮಿತ್ಕೋ ರುಮೆನ್ ಕಿವಿಯಲ್ಲಿ ಉಸುರಿದ: "ತೂತು ಮುಚ್ಚೋ. ನನ್ನ ಟೊಮೆಟೊ ಮಡೀಲಿ ಜೇಡಿಮಣ್ಣು ಬೇಕಾದಷ್ಟಿದೆ."

ರುಮೆನ್ ಕೋಟು ಬಿಚ್ಚಿದ. ಜೇಡಿ ಕಲಸಿ, ದೋಸೆ ಹುಯ್ಯುವಂತೆ ಅಂಗಳದ ತುಂಬ ಬಳಿದ. ಹೆತ್ತ ಕೂಸಿನ ಬಾಯಿಗೆ ತಾನೇ ಬಟ್ಟೆ ತುರುಕಿದಷ್ಟು ಸಂಕಟವಾಯಿತು.

ನೇವೆನಾ ಒದ್ದಳು. ನೀರು ಜರ್ರನೆ ಗೇಟು ದಾಟಿ ಬೀದಿಗೇ ಓಡಿತು. ಡೋಲು, ಸಿಳ್ಳೆ, ಕುಣಿತ! ಮುದುಕರೂ ಊರುಗೋಲು ಎಸೆದು ಕುಣಿದರು.

ಕಾರು ಹತ್ತುವ ಮುಂಚೆ ದೋಂಕಾ ರುಮೆನ್‌ನನ್ನು ಪಕ್ಕಕ್ಕೆ ಕರೆದಳು.

"ಸೋಮವಾರ ಬಂದು ನಮ್ಮನೆ ಅಂಗಳಕ್ಕೂ ಈ ಕಾಂಕ್ರೀಟನ್ನೇ ಹಾಕ್ಬಿಡಿ. ಚಳಿಗಾಲವೆಲ್ಲ ಹಿಮ ಕರಗಿ ಬಾಗಿಲಲ್ಲೇ ಕೆರೆ ನಮಗೆ."

"ಭಾಗ್ಯ ನುಂಗತ್ತೆ ಅಂದ್ರಲ್ಲ?"

"ಅದು ಮೊದಲನೇ ಬಿಂದಿಗೆಗೆ ಅಂದಿದ್ದು. ಎರಡನೇದರಿಂದ ಎಷ್ಟು ಕುಡಿಯತ್ತೆ ಅಂತ ನೋಡ್ತಿದ್ದೆ. ಒಳ್ಳೇ ಮಾಲು."

"ಮತ್ತೆ ನಾನು ಮಣ್ಣು ಬಳಿಯೋವಾಗ ಸುಮ್ನಿದ್ರಲ್ಲ?"

"ಹೇಗೆ ಕೆಡತ್ತೆ ಅಂತಾನೂ ತಿಳೀಬೇಕಲ್ಲ. ಕೂಲಿ ಗೀಲಿ ಅನ್ಬೇಡಿ, ಈಗ ನಾವು ಬೀಗರು."

ದೋಂಕಾ ಲಂಗ ಎತ್ತಿ ಹಿಡಿದು, ಕೆಸರು ಮೆಟ್ಟದಂತೆ ತುದಿಗಾಲಲ್ಲಿ ಗೇಟು ದಾಟಿದಳು. ಅಲ್ಲಿಂದ ತಿರುಗಿ ಅಂದಳು:

"ಆದ್ರೆ ಈಗ ನಿಮ್ಮದಿದೆಯಲ್ಲ, ಹೀಗೆ ಮಾತ್ರ ಮಾಡ್ಬೇಡಿ ಬೀಗರೇ. ನೋಡಿ, ನೀರು ನಿಲ್ಲತ್ತೆ."