ಹನ್ನೆರಡನೆಯದನ್ನು ತೆಗೆದದ್ದು

ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತವನು ಬಾಯಿ ಮುಚ್ಚಿಕೊಂಡಿರಬೇಕು. ಸ್ಮೈಲಣ್ಣ ಮುಚ್ಚಿಕೊಳ್ಳಲಿಲ್ಲ.

"ಇವತ್ತು ಆ ಹಳೇ ಬೆಂಕಿಪೆಟ್ಟಿಗೆ ಕಾರ್ಖಾನೆ ಒಂದು ತೆಗೆದುಬಿಟ್ರೆ ನನ್ನ ತಲೆನೋವು ಮುಗೀತು," ಅಂದ.

ಕ್ಷೌರಿಕನ ಕತ್ತಿ ಗಂಟಲ ಹತ್ತಿರ ನಿಂತಿತು. "ಇವತ್ತೇನಾ?"

"ಮೂರು ಗಂಟೆಗೆ. ಹನ್ನೊಂದು ಆಗಲೇ ತೆಗೆದಾಯ್ತು, ಇದೊಂದೇ ಬಾಕಿ. ಮುಂಭಾಗ ತೆಗೆದ್ರೆ ಸಾಕು, ಹಿಂದಿನ ಗೋಡೆ ಹಾಗೇ ಬಿಡಿ ಅಂದಿದಾರೆ ಸಾಹೇಬ್ರು."

"ಒಬ್ಬರೇನಾ?"

"ಇದಕ್ಕೆ ಇನ್ನೆಷ್ಟು ಜನ ಬೇಕು? ಎದುರಿಗೆ ನಿಂತು ಒಂದ್ಸಲ ಒತ್ತಿದ್ರೆ ಆಯ್ತು."

ಕ್ಷೌರಿಕ ಸ್ಮೈಲಣ್ಣನ ಕಡ್ಡಿಯಂಥ ತೋಳುಗಳನ್ನು ನೋಡಿದ. ಈಚೆಗೆ ಏನೇನೋ ಹೊಸ ಯಂತ್ರಗಳು ಬಂದಿವೆಯೆಂದು ಅವನೂ ಕೇಳಿದ್ದ. "ಒಂದು ನಿಮಿಷ ಕೂತಿರಿ, ಬಂದೆ," ಎಂದವನು ಸೈಕಲ್ ಹತ್ತಿ ಕಾರ್ಖಾನೆಯ ದಿಕ್ಕಿಗೆ ಹೊರಟೇಹೋದ. ಸ್ಮೈಲಣ್ಣ ಒಂದು ಗಂಟೆ ಕಾದ. ಎಡಗೆನ್ನೆ ಬೋಳಿಸಿ ಆಗಿತ್ತು, ಬಲಗೆನ್ನೆಯ ಸೋಪು ಒಣಗಿ ಸುಣ್ಣದ ಹಾಗೆ ಉದುರತೊಡಗಿತು. ಕೊನೆಗೆ ಟವೆಲಿನಿಂದ ಒರೆಸಿಕೊಂಡು, ಎಡಗಡೆಯಿಂದ ಒಬ್ಬ ಬಲಗಡೆಯಿಂದ ಇನ್ನೊಬ್ಬ ಎಂಬಂತಿದ್ದ ಮುಖ ಹೊತ್ತುಕೊಂಡು, ಕ್ಯಾಮೆರಾದ ಚೀಲ ಹೆಗಲಿಗೇರಿಸಿ ನಡೆದ.

ಆ ಊರಿಗೆಲ್ಲ ಇದ್ದದ್ದು ಒಂದೇ ಫೋಟೋ ಸ್ಟುಡಿಯೋ, ಅದು ಇವನದು. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಿಗೂ "ಸ್ಮೈಲ್" ಅನ್ನುತ್ತಿದ್ದನಾದ್ದರಿಂದ ಆ ಹೆಸರು. ತಾನು ಮಾತ್ರ ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಈಗಂತೂ ನಗುವ ಕಾಲವೂ ಅಲ್ಲ. ಸ್ಟುಡಿಯೋದ ಲೈಸೆನ್ಸಿನ ಅವಧಿ ಮುಗಿದಿತ್ತು. ನಾಳೆ ಬೆಳಗ್ಗೆ ಬಂದು ಬೀಗ ಹಾಕುತ್ತೇವೆಂದು ಪುರಸಭೆಯವರು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ಓಡಿಹೋಗಿ ಸಾಹೇಬರ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟು ಬೇಡಿಕೊಂಡಾಗ ಅವರು ಒಂದು ದಾರಿ ತೋರಿಸಿದ್ದರು. ಊರಿನ ಪಾಳು ಕಟ್ಟಡಗಳ ಸಚಿತ್ರ ಚರಿತ್ರೆಯೊಂದನ್ನು ಪುರಸಭೆ ಹೊರತರಲಿದೆ. ಪಟ್ಟಿಯಲ್ಲಿ ಹನ್ನೆರಡು ಕಟ್ಟಡ. ಒಂದೊಂದಕ್ಕೆ ಒಂದು ಫೋಟೋ, ಮೂರು ಸಾಲು ಚರಿತ್ರೆ. ಇವತ್ತು ಐದು ಗಂಟೆಯೊಳಗೆ ಹನ್ನೆರಡೂ ಮೇಜಿನ ಮೇಲೆ ಬಂದರೆ ಆಗಲೇ ಲೈಸೆನ್ಸಿಗೆ ಸಹಿ.

"ಒಂದೇ ಷರತ್ತು," ಅಂದಿದ್ದರು ಸಾಹೇಬರು. "ಯಾವ ಫೋಟೋದಲ್ಲೂ ಜನ ಕಾಣಬಾರದು. ಪಾಳು ಅಂದಮೇಲೆ ಜನ ಯಾಕ್ರೀ ಇರ್ತಾರೆ?"

ಪಟ್ಟಿಯನ್ನು ಸಾಹೇಬರು ಕುರ್ಚಿಯಲ್ಲಿ ಕೂತೇ ಸಿದ್ಧಪಡಿಸಿದ್ದರು. ಆ ಕುರ್ಚಿಯಿಂದ ಕಿಟಕಿಯಾಚೆ ನೋಡಿದರೆ ಊರಿನ ಹೆಂಚುಗಳೆಲ್ಲ ಕಾಣುತ್ತಿದ್ದವು. ಹೆಂಚಿನ ಕೆಳಗಿರುವ ತಲೆಗಳು ಕಾಣಬೇಕಾದರೆ ಎದ್ದು ಹೋಗಬೇಕಿತ್ತು.

ಕಾರ್ಖಾನೆಯ ಗೇಟಿನೆದುರು ಬಂದ ಸ್ಮೈಲಣ್ಣನ ಕಾಲು ಅಲ್ಲೇ ನಿಂತವು. ಮೂವತ್ತು ವರ್ಷದಿಂದ ಯಾರೂ ಇಲ್ಲವೆಂದು ಪಟ್ಟಿಯಲ್ಲಿ ಬರೆದಿದ್ದ ಕಟ್ಟಡದ ಮುಂದೆ ನಲವತ್ತು ಜನ ಕೂತಿದ್ದರು. ಮಂಚ, ಬಕೆಟು, ಒಲೆಯ ಊದುಕೊಳವೆ, ಒಂದು ಹೊಲಿಗೆ ಯಂತ್ರ ಎಲ್ಲವೂ ಗೇಟಿಗೆ ಅಡ್ಡವಾಗಿ ಕೂತಿದ್ದವು. ಹಿಂದಿನ ಸಾಲಿನಲ್ಲಿ ಕತ್ತಿ ಕೈಯಲ್ಲೇ ಹಿಡಿದಿದ್ದ ಕ್ಷೌರಿಕ. ಎಲ್ಲರ ಮಧ್ಯೆ ಒಬ್ಬ ಮುದುಕಿ. ಇದೇ ಕಾರ್ಖಾನೆಯಲ್ಲಿ ಕಡ್ಡಿಗೆ ಮದ್ದು ಹಚ್ಚುತ್ತ ಬೆರಳು ಸುಟ್ಟುಕೊಂಡ ಆಕೆಯನ್ನು ಎಲ್ಲರೂ ಕಡ್ಡಿ ಅಜ್ಜಿ ಅನ್ನುತ್ತಿದ್ದರು.

"ಇವನೇನೋ ತೆಗೆಯೋನು?" ಅಜ್ಜಿ ಕೇಳಿದಳು.

"ಇವರೇ," ಅಂದ ಕ್ಷೌರಿಕ. "ಈ ಕಡೆಯಿಂದ ನೋಡಿದ್ರೆ ಗೊತ್ತಾಗಲ್ಲ, ಆ ಕಡೆಯಿಂದ ನೋಡು."

ಸ್ಮೈಲಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಮೆತ್ತಗೆ, "ಹೌದಜ್ಜಿ, ನಾನೇ ತೆಗೆಯೋನು. ನೀವೆಲ್ಲ ಸ್ವಲ್ಪ ಪಕ್ಕಕ್ಕೆ ಸರಿದ್ರೆ ಕಣ್ಣು ಮಿಟುಕಿಸೋದರೊಳಗೆ ತೆಗೆದು ಹೋಗ್ತೀನಿ," ಅಂದ.

"ನಮ್ಮ ಮನೆ ತೆಗೀತೀಯ, ನಾವು ಪಕ್ಕಕ್ಕೆ ನಿಂತು ನೋಡಬೇಕಾ?"

"ನೋಡಿ, ಬೇಡ ಅಂದೋರು ಯಾರು? ನಿಮಗೇನೂ ಆಗಲ್ಲ. ಒಂದು ಚೂರು ಬೆಳಕು ಹೊಡೆಯುತ್ತೆ ಅಷ್ಟೇ."

"ಮದ್ದಿಟ್ಟು ಉಡಾಯಿಸ್ತಾನಂತೆ," ಅಂತ ಹಿಂದಿನಿಂದ ಯಾರೋ ಪಿಸುಗುಟ್ಟಿದರು. ನಲವತ್ತು ಜನರಲ್ಲಿ ಇಪ್ಪತ್ತು ಜನ ಎದ್ದರು.

"ಮೆಷಿನ್ ಎಲ್ಲಿಟ್ಟಿದೀಯ?" ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ದರ್ಜಿ ಗದರಿದ.

"ಇಲ್ಲೇ ಚೀಲದಲ್ಲಿದೆಯಲ್ಲಣ್ಣ."

ದರ್ಜಿ ಹಾರಿಬಂದು ಚೀಲ ಕಿತ್ತುಕೊಂಡ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅವನು ಉಸಿರು ಬಿಗಿಹಿಡಿದು, ಮಲಗಿದ ಮಗುವಿನ ಅಂಗಿ ಬಿಚ್ಚುವಂತೆ ಝಿಪ್ಪು ಎಳೆದ. ಒಳಗಿಂದ ಹೊರಬಂದದ್ದು ಮೂಲೆ ಸವೆದ ಒಂದು ಕ್ಯಾಮೆರಾ.

ಎಲ್ಲರೂ ಕತ್ತು ಚಾಚಿ ನೋಡಿದರು. ಆಮೇಲೆ ದರ್ಜಿ ಕ್ಷೌರಿಕನತ್ತ ತಿರುಗಿದ. "ಫೋಟೋ ತೆಗೆಯೋದಂತೆ ಕಣೋ."

"ಫೋಟೋ ಅನ್ನೋ ಮಾತೇ ಅವರ ಬಾಯಲ್ಲಿ ಬರಲಿಲ್ಲ," ಅಂದ ಕ್ಷೌರಿಕ. "ಕಾರ್ಖಾನೆ ತೆಗೀತೀನಿ ಅಂದ್ರು. ಹನ್ನೊಂದು ತೆಗೆದಾಯ್ತು ಅಂದ್ರು. ನಾನೇನು ಕನಸು ಕಂಡೆನಾ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬದುಕಿದೆ ಅಂದುಕೊಂಡ ಸ್ಮೈಲಣ್ಣ ಕ್ಯಾಮೆರಾ ಇಸಿದುಕೊಂಡು ಕಣ್ಣಿಗೇರಿಸಿದ. "ಎಲ್ಲರೂ ಐದೇ ಐದು ನಿಮಿಷ ಒಳಗಡೆ ಬಚ್ಚಿಟ್ಟುಕೊಳ್ಳಿ. ಫೋಟೋದಲ್ಲಿ ಜನ ಬರೋ ಹಾಗಿಲ್ಲ."

ಕಡ್ಡಿ ಅಜ್ಜಿ ಮಾತ್ರ ನಗಲಿಲ್ಲ. "ಯಾಕೆ ಬರೋ ಹಾಗಿಲ್ಲ?"

"ಪಾಳು ಕಟ್ಟಡಗಳ ಚರಿತ್ರೆ ಅಜ್ಜಿ. ಬಿಟ್ಟುಹೋದ ಕಟ್ಟಡಗಳು."

"ಯಾರು ಬಿಟ್ಟುಹೋದದ್ದು? ಬರ್ಕೋ, ನಾನು ಹೇಳ್ತೀನಿ ಚರಿತ್ರೆ." ಅವಳು ಮಂಚದ ಮೇಲೆ ಸರಿಯಾಗಿ ಕೂತಳು. "ಬಿಟ್ಟುಹೋದೋನು ಮಾಲೀಕ. ಒಂದು ಮಧ್ಯಾಹ್ನ ಹೊರಗಿಂದ ಬೀಗ ಜಡಿದು ಹೋದ. ಒಳಗೆ ಪಾಳಿಯಲ್ಲಿ ನಾವಿದೀವಿ ಅನ್ನೋದು ಅವನಿಗೆ ನೆನಪೇ ಇರಲಿಲ್ಲ. ನಾವೇ ಬೀಗ ಒಡೆದ್ವಿ, ನಾವೇ ಹೆಂಚು ಹೊದಿಸಿದ್ವಿ. ಈ ಕಟ್ಟಡದಲ್ಲಿ ಒಂದು ದಿನವಾದ್ರೂ ಒಲೆ ಉರಿಯದೆ ಇದ್ದದ್ದಿಲ್ಲ. ಪಾಳು ಬಿದ್ದೋನು ಅವನು. ಅವನ ಫೋಟೋ ತೆಕ್ಕೊಂಡು ಹೋಗು."

ಮೂರು ಸಾಲಿನ ಜಾಗದಲ್ಲಿ ಸ್ಮೈಲಣ್ಣ ಹದಿನೆಂಟು ಸಾಲು ಬರೆದು ಹಾಳೆಯ ಹಿಂಭಾಗಕ್ಕೆ ಹೋದ. ಬರೆದದ್ದೆಲ್ಲ ನಿಜವೆನ್ನಿಸಿತು. ಆದರೆ ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು.

"ಅಜ್ಜಿ, ಒಂದೇ ಒಂದು ಫೋಟೋ. ಅದರಿಂದ ನಿಮಗೇನು ನಷ್ಟ?"

"ಮೊದಲು ಫೋಟೋ ತೆಗೀತಾರೆ," ಅಂದಳು ಅಜ್ಜಿ, ಕಡ್ಡಿ ಮುರಿದ ಹಾಗೆ. "ಯಾರೂ ಇಲ್ಲ ಅಂತ ಅದರ ಕೆಳಗೆ ಬರೀತಾರೆ. ಆಮೇಲೆ ಗೋಡೆ ತೆಗೀತಾರೆ. ಆಮೇಲೆ ನಮ್ಮನ್ನ ತೆಗೀತಾರೆ. ಆಗಲ್ಲ ಕಣಪ್ಪ."

"ನನ್ನ ಅಂಗಡಿಗೆ ನಾಳೆ ಬೀಗ ಬೀಳುತ್ತಜ್ಜಿ."

"ಬಿದ್ರೆ ಒಳಗೆ ಕೂತ್ಕೋ. ನಾವು ಮಾಡಿದ್ದೂ ಅದೇ." ಸ್ವಲ್ಪ ಯೋಚಿಸಿ ಕೇಳಿದಳು, "ಯಾವುದು ನಿನ್ನ ಅಂಗಡಿ? ಹಿಂದಿನ ಗೋಡೇಲಿ ಗಿಡ ಹುಟ್ಟಿ, ಇಟ್ಟಿಗೆ ಹಲ್ಲು ಬಿಟ್ಕೊಂಡು ನಿಂತಿದೆಯಲ್ಲ, ಅದಾ?"

"ಅದೇ."

"ಅಷ್ಟು ಚೆನ್ನಾಗಿ ಪಾಳು ಬಿದ್ದಿರೋದನ್ನ ಮನೇಲೇ ಇಟ್ಕೊಂಡು ನಮ್ಮ ಬಾಗಿಲಿಗೆ ಯಾಕೆ ಬಂದೆ?"

ಸ್ಮೈಲಣ್ಣ ಕ್ಯಾಮೆರಾವನ್ನು ಚೀಲಕ್ಕೆ ತುರುಕಿದ. ಚೀಲ ಎತ್ತಿಕೊಂಡು ಓಟ ಕಿತ್ತ.

ನಾಲ್ಕೂವರೆಗೆ ತನ್ನ ಸ್ಟುಡಿಯೋದ ಹಿಂದಿನ ಹಿತ್ತಲಲ್ಲಿ ನಿಂತು ಗೋಡೆಯನ್ನು ನೋಡಿದ. ಇಷ್ಟು ವರ್ಷ ಬೇರೆಯವರ ಮುಖ ನೋಡುತ್ತ ಇದನ್ನು ನೋಡಿಯೇ ಇರಲಿಲ್ಲ. ಸುಣ್ಣ ಹೆಕ್ಕಳಿಕೆ ಎದ್ದಿತ್ತು, ಕಿಟಕಿಯ ಸರಳು ತುಕ್ಕು ಹಿಡಿದಿತ್ತು, ಪಕ್ಕದಲ್ಲಿ ಪುರಸಭೆಯವರು ಬರೆದಿದ್ದ ಕಟ್ಟಡದ ಸಂಖ್ಯೆ ಮಾಸಿತ್ತು, ಬಿರುಕಿನಿಂದ ಗಿಡವೊಂದು ಕೈಚಾಚಿತ್ತು. ಹನ್ನೊಂದು ಪಾಳು ಕಟ್ಟಡ ಸುತ್ತಿದ ಅವನಿಗೆ ಇಂಥ ಪಾಳು ಎಲ್ಲೂ ಸಿಕ್ಕಿರಲಿಲ್ಲ. ಅಭ್ಯಾಸಬಲದಿಂದ ಗೋಡೆಗೂ "ಸ್ಮೈಲ್" ಅಂದು ಒತ್ತಿದ. ಜೀವನದಲ್ಲೇ ಅಷ್ಟು ಒಳ್ಳೆಯ ಫೋಟೋ ತೆಗೆದಿರಲಿಲ್ಲ.

ಬೇಲಿಯಾಚೆಯಿಂದ ಕ್ಷೌರಿಕ ಇಣುಕಿದ. "ಏನು, ಈಗ ನಿಮ್ಮದನ್ನೇ ತೆಗೀತಿದೀರಾ?"

"ತೆಗೆದಾಯ್ತು," ಅಂದ ಸ್ಮೈಲಣ್ಣ. ಪ್ರಿಂಟು ಹಾಕಿ, ಕೆಳಗೆ 'ಹಳೆಯ ಬೆಂಕಿಪೆಟ್ಟಿಗೆ ಕಾರ್ಖಾನೆ' ಎಂದು ಬರೆದು, ಐದಕ್ಕೆ ಐದು ನಿಮಿಷವಿರುವಾಗ ಪುರಸಭೆಯ ಮೆಟ್ಟಿಲು ಹತ್ತಿದ.

ದಾಖಲೆ ವಿಭಾಗದ ಗುಮಾಸ್ತೆ ಊರಿನಲ್ಲೇ ಅತಿ ಶಿಸ್ತಿನ ಹೆಂಗಸು. ಹನ್ನೆರಡು ಫೋಟೋಗಳನ್ನೂ ಮಸೂರ ಹಿಡಿದು ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡರು. "ಹನ್ನೆರಡೂ ತೆಗೆದಿದೀರಾ?"

"ಹನ್ನೆರಡೂ ತೆಗೆದಿದೀನಿ ಮೇಡಂ."

"ಹಾಗಾದ್ರೆ ಇಲ್ಲಿ ಸಹಿ ಮಾಡಿ."

ಅವನು ಓದದೆ ಸಹಿ ಮಾಡಿದ. ಗುಮಾಸ್ತೆ ರಿಜಿಸ್ಟರನ್ನು ಸಾಹೇಬರ ಮುಂದಿಟ್ಟರು. ಸಾಹೇಬರು ತೃಪ್ತಿಯಿಂದ ತಲೆಯಾಡಿಸಿ, "ಭೇಷ್. ಎಲ್ಲಿ, ಇವರ ಲೈಸೆನ್ಸ್ ಅರ್ಜಿ ಕೊಡಿ," ಎಂದು ಪೆನ್ನು ತೆರೆದರು. ಪೆನ್ನು ಕಾಗದ ಮುಟ್ಟುವ ಮುನ್ನವೇ ನಿಂತಿತು.

"ನಿಮ್ಮ ಸ್ಟುಡಿಯೋ ನಂಬರ್ ನಲವತ್ತೇಳಾ?"

"ಹೌದು ಸಾರ್."

"ನಲವತ್ತೇಳನ್ನ ತೆಗೆದಾಗಿದೆಯಲ್ರೀ."

ಸ್ಮೈಲಣ್ಣ ರಿಜಿಸ್ಟರಿನೊಳಗೆ ಬಗ್ಗಿದ. ಹನ್ನೆರಡನೆಯ ಸಾಲಿನಲ್ಲಿ ಬೆಂಕಿಪೆಟ್ಟಿಗೆ ಕಾರ್ಖಾನೆಯ ಹೆಸರಿಗೆ ಕೆಂಪು ಗೀಟು ಬಿದ್ದಿತ್ತು. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ: 'ಪಾಳು ಕಟ್ಟಡ, ಸಂಖ್ಯೆ ೪೭. ತೆಗೆಯಲಾಗಿದೆ.' ಪಕ್ಕದಲ್ಲಿ ಅವನದೇ ಸಹಿ.

"ಕಿಟಕಿ ಪಕ್ಕ ಕಟ್ಟಡದ ಸಂಖ್ಯೆ ಕಾಣ್ತಿತ್ತು," ಅಂದರು ಗುಮಾಸ್ತೆ ಹೆಮ್ಮೆಯಿಂದ. "ನೀವು ಹೆಸರು ತಪ್ಪು ಬರೆದಿದ್ರಿ, ನಾನೇ ತಿದ್ದಿದೆ. ಕಾರ್ಖಾನೆಯನ್ನ ಪಟ್ಟಿಯಿಂದ ಹೊಡೆದು ಹಾಕಿದೀನಿ."

"ಸಾರ್, ಕಟ್ಟಡ ತೆಗೆದದ್ದಲ್ಲ, ಫೋಟೋ ತೆಗೆದದ್ದು."

"ಫೋಟೋ ಅಂತ ಎಲ್ಲಿದೆ ಇದರಲ್ಲಿ?"

"ಕಟ್ಟಡ ಅಲ್ಲೇ ಇದೆ ಸಾರ್. ಅದರೊಳಗೆ ನಾನಿದೀನಿ."

ಸಾಹೇಬರು ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಹುಡುಕಿದರು. "ಯಾರೂ ಕಾಣ್ತಿಲ್ಲವಲ್ಲ."

ಗೋಡೆಯ ಗಡಿಯಾರ ಐದು ಹೊಡೆಯಿತು. ಗುಮಾಸ್ತೆ ಕಪಾಟಿಗೆ ಬೀಗ ಹಾಕಲು ಎದ್ದರು.

"ನೀವು ಬೇಜಾರು ಮಾಡ್ಕೋಬೇಡಿ," ಅಂದರು ಸಾಹೇಬರು, ಪೆನ್ನಿನ ಮುಚ್ಚಳ ಹಾಕುತ್ತ. "ಕಟ್ಟಡ ಇನ್ನೂ ಇದೆ ಅಂತ ಒಂದು ಅರ್ಜಿ ಕೊಡಿ. ಜೊತೆಗೆ ಪುರಾವೆಗೆ ಅದರ ಫೋಟೋ ಬೇಕು. ಎಲ್ಲೆಂದರಲ್ಲಿ ತೆಗೆದದ್ದು ನಡೆಯಲ್ಲ, ಲೈಸೆನ್ಸ್ ಇರೋ ಸ್ಟುಡಿಯೋದವರೇ ತೆಗೆದಿರಬೇಕು."

"ಊರಲ್ಲಿ ಇರೋದೇ ಒಂದು ಸ್ಟುಡಿಯೋ ಸಾರ್."

"ಹಾಗಾದ್ರೆ ಸುಲಭ ಆಯ್ತಲ್ರೀ," ಅಂದರು ಸಾಹೇಬರು. "ಅಲ್ಲೇ ತೆಗೆಸಿ."