ಹನ್ನೊಂದು ಕಾದಂಬರಿಗಳ ಖರೇ ನಕಲು

ತೊಂಬತ್ತೇಳನೆಯ ಇಸವಿ, ಡಿಸೆಂಬರಿನ ಕೊನೆಯ ಭಾನುವಾರ, ಮಧ್ಯಾಹ್ನ ಮೂರೂಮುಕ್ಕಾಲಿಗೆ ನಾನು ಶಿರಸಿಯಲ್ಲಿ ಪಾಂಡುರಂಗ ಮಾಮನ ಪುಸ್ತಕದಂಗಡಿಯ ಮಾಳಿಗೆಯ ಮೇಲೆ, ಮೆಟ್ಟಿಲಿನಿಂದ ನಾಲ್ಕು ಹೆಜ್ಜೆ ಒಳಗೆ, ಗೋಡೆಗೆ ಬೆನ್ನು ತಾಗುವಂತೆ ನಿಂತಿದ್ದೆ. ಎಡಗೈಯಲ್ಲಿ ಡೈರಿ ಇತ್ತು. ಬಲಗೈಯಲ್ಲಿ ಏನೂ ಇರಲಿಲ್ಲ; ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡು ಸಲ ಜೇಬಿಗೆ ಹಾಕಿ ತೆಗೆದೆ. ಎದುರಿಗೆ ಚಾಪೆಯ ಮೇಲೆ ಹತ್ತೊಂಬತ್ತು ಜನ ಕುಳಿತಿದ್ದರು. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಆ ದಿನ ನಾನು ಆಡಿದ ಮಾತುಗಳಲ್ಲಿ ನನ್ನದು ಎನ್ನುವಂಥದ್ದು ಬಹಳ ಕಡಿಮೆ. ನಿಂತ ಜಾಗವಾದರೂ ನನ್ನದೇ ಎಂದು ದಾಖಲಾಗಲಿ.

ನನ್ನ ಉದ್ಯೋಗವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಒಂದು ಕಚೇರಿಯ ನಕಲು ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಯಲ್ಲಾಪುರದಲ್ಲಿ ಎಂಟು ವರ್ಷ, ಆಮೇಲೆ ಶಿರಸಿಯಲ್ಲಿ. ಜನ ತಮ್ಮ ಹಳೆಯ ಕಾಗದಪತ್ರಗಳ ನಕಲು ಕೇಳಿಕೊಂಡು ಬರುತ್ತಿದ್ದರು. ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೆ, ತಪ್ಪಿದ್ದರೆ ತಪ್ಪನ್ನೂ ಬಿಡದೆ ಬರೆದು, ಕೆಳಗೆ ‘ಖರೇ ನಕಲು’ ಎಂದು ಮೊಹರು ಒತ್ತಿ ಮೇಲಿನವರ ಸಹಿಗೆ ಕಳಿಸುವುದು ನನ್ನ ಕೆಲಸ. ಇದು ಮೂಲದ ಸರಿಯಾದ ಪ್ರತಿ, ಮೂಲವಲ್ಲ ಎಂಬುದು ಆ ಮೊಹರಿನ ಅರ್ಥ. ಇಪ್ಪತ್ತು ವರ್ಷ ಹೀಗೆ ಬರೆದವನಿಗೆ ಕೈ ಎಷ್ಟು ಪಳಗುತ್ತದೋ ತಲೆ ಅಷ್ಟೇ ಜಡ್ಡುಗಟ್ಟುತ್ತದೆ. ಮಗಳ ಮದುವೆಯ ಕರೆಯೋಲೆಯನ್ನೂ ನಾನು ನಾದಿನಿಯ ಮಗಳ ಕರೆಯೋಲೆ ನೋಡಿಯೇ ಬರೆದದ್ದು. ಮುಹೂರ್ತದ ದಿನಾಂಕ ಬದಲಿಸುವುದನ್ನು ಮರೆತಿದ್ದೆ. ಅಚ್ಚಿಗೆ ಹೋಗುವ ಮುಂಚೆ ಹೆಂಡತಿ ಭಾಗೀರಥಿ ನೋಡಿದ್ದರಿಂದ ಮದುವೆ ಸರಿಯಾದ ದಿನ ನಡೆಯಿತು.

ಪಾಂಡುರಂಗ ಮಾಮ ಕಾದಂಬರಿಗಳನ್ನು ಓದಲು ಎರವಲು ಕೊಡುತ್ತಿದ್ದ. ಓದುಗರು ಪುಟದ ಅಂಚಿನಲ್ಲೆಲ್ಲ ಗೀಚುತ್ತಾರೆಂದು ಅವನಿಗೆ ಸಂಕಟ. ಕೊನೆಗೆ ಪ್ರತಿ ಪುಸ್ತಕದ ಹಿಂದೆಯೂ ಒಂದೊಂದು ಬಿಳಿ ಹಾಳೆ ಅಂಟಿಸಿ, ‘ಅಭಿಪ್ರಾಯ ಇಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ಹೆಸರು ಬೇಡ’ ಎಂದು ಮೇಲೆ ಬರೆದಿಟ್ಟ. ಹೆಸರು ಬೇಡ ಎಂದದ್ದು, ಒಮ್ಮೆ ಒಂದು ಅಭಿಪ್ರಾಯದ ಸಲುವಾಗಿ ಇಬ್ಬರು ಬೀಗರು ಮಾತು ಬಿಟ್ಟಿದ್ದರಿಂದ. ವರ್ಷದ ಕೊನೆಗೆ ಮಾಳಿಗೆಯ ಮೇಲೆ ಓದುಗರ ಕೂಟ. ಒಬ್ಬೊಬ್ಬರೂ ಆ ವರ್ಷ ಓದಿದ ಕಾದಂಬರಿಗಳ ಬಗ್ಗೆ ತಮಗೆ ಅನಿಸಿದ್ದನ್ನು ಹೇಳಬೇಕು. ಯಾರ ಮಾತು ಎಲ್ಲರಿಗೂ ಹಿಡಿಸಿತೋ, ಮುಂದಿನ ವರ್ಷ ಅಂಗಡಿಗೆ ಯಾವ ಯಾವ ಹೊಸ ಕಾದಂಬರಿ ತರಿಸಬೇಕೆಂದು ಅವರೇ ಆರಿಸಬೇಕು. ನಮ್ಮಂಥವರ ಪಾಲಿಗೆ ಅದು ಸಣ್ಣ ಪದವಿಯಲ್ಲ.

ನಾನು ಆ ಪದವಿಗೆ ಆಸೆಪಟ್ಟು ಓದಲು ಹೊರಟವನಲ್ಲ. ಜನವರಿಯಲ್ಲಿ ಪ್ರಾಮಾಣಿಕವಾಗಿಯೇ ಶುರುಮಾಡಿದೆ. ಮೊದಲ ಕಾದಂಬರಿ ಮುಗಿಸಿ ಡೈರಿಯಲ್ಲಿ ‘ಚೆನ್ನಾಗಿದೆ’ ಎಂದು ಬರೆದೆ. ಎರಡನೆಯದಕ್ಕೆ ‘ಇದೂ ಚೆನ್ನಾಗಿದೆ’ ಎಂದು ಬರೆದೆ. ಆ ಪುಸ್ತಕದ ಹಿಂದೆ ಅಂಟಿಸಿದ್ದ ಹಾಳೆ ನೋಡಿದರೆ, ಅಲ್ಲಿ ಯಾರೋ ಮಣಿಮಣಿಯಂಥ ಅಕ್ಷರದಲ್ಲಿ ಬರೆದಿದ್ದರು: ‘ಮೇಲಿನ ಬಟ್ಟೆ ರೇಷ್ಮೆ. ಆದರೆ ಅಸ್ತರ್ ಇಲ್ಲ. ಆಚೆಯದು ಕಾಣುತ್ತದೆ.’ ನಾನು ಹಲವು ದಿನ ಹುಡುಕಿದರೂ ಸಿಗದಿದ್ದ ಮಾತು ಅದೇ ಆಗಿತ್ತು. ಹೋಲಿಸಿ ನೋಡಲಿಕ್ಕೆಂದು ಅದನ್ನು ಡೈರಿಯಲ್ಲಿ ನನ್ನ ಅಭಿಪ್ರಾಯದ ಪಕ್ಕ ಬರೆದುಕೊಂಡೆ. ಮುಂದಿನ ಪುಸ್ತಕಕ್ಕೂ ಹಾಗೇ ಮಾಡಿದೆ. ಏಪ್ರಿಲ್ ಹೊತ್ತಿಗೆ ನನ್ನ ಅಭಿಪ್ರಾಯ ಆ ಅಕ್ಷರಗಳ ಪಕ್ಕದಲ್ಲಿ ಕೂರಲು ನಾಚಿಕೊಳ್ಳುವಂತೆ ಕಂಡು, ಬರೆಯುವುದನ್ನು ಬಿಟ್ಟೆ. ಜುಲೈ ಹೊತ್ತಿಗೆ ಕಾದಂಬರಿ ಓದುವುದನ್ನೂ ಬಿಟ್ಟೆ. ಪುಸ್ತಕ ತಂದು, ಹಿಂದಿನ ಹಾಳೆಯಲ್ಲಿ ಆ ಅಕ್ಷರ ಇದೆಯೇ ನೋಡಿ, ನಕಲು ಮಾಡಿ ಹಿಂದಿರುಗಿಸುತ್ತಿದ್ದೆ. ಪೆನ್ಸಿಲಿನಲ್ಲಿ ಇದ್ದದ್ದು ಶಾಯಿಯಲ್ಲಿ ನನ್ನ ಡೈರಿಗೆ ಬಂದ ಮೇಲೆ ಅದು ನನ್ನದೇ ಎಂದು ನಿಜವಾಗಿಯೂ ಅನಿಸತೊಡಗಿತ್ತು. ಲೆಕ್ಕಕ್ಕೆ ಹನ್ನೊಂದು ಕಾದಂಬರಿ. ಓದಿದ್ದು ನಾಲ್ಕೂವರೆ.

ಆ ಭಾನುವಾರ ಕೂಟದ ಅಧ್ಯಕ್ಷರು ನಿವೃತ್ತರಾಗಿದ್ದ ಹೆಗಡೆ ಮಾಸ್ತರರು. ನನ್ನದು ಆರನೆಯ ಸರದಿ. ಏಳನೆಯ ಸರದಿ ಸಿದ್ದಾಪುರದ ಯಮುನಕ್ಕನದು. ಬಾಗಿಲ ಪಕ್ಕ ಕುಳಿತಿದ್ದ ಅವರನ್ನು ನಾನು ನೋಡಿದ್ದು ಅದೇ ಮೊದಲು. ಸಿದ್ದಾಪುರದ ಪೇಟೆಯಲ್ಲಿ ರವಿಕೆ ಹೊಲಿಯುತ್ತಾರೆ, ಹದಿನೈದು ದಿನಕ್ಕೊಮ್ಮೆ ದಾರ, ಗುಂಡಿ ಕೊಳ್ಳಲು ಶಿರಸಿಗೆ ಬಂದಾಗ ಎರಡು ಪುಸ್ತಕ ಒಯ್ಯುತ್ತಾರೆ ಎಂದು ಪಾಂಡುರಂಗ ಮಾಮ ಎಲ್ಲರಿಗೂ ಪರಿಚಯಿಸಿದ್ದ. ‘ಆರು ವರ್ಷದಿಂದ ಕರೀತಿದ್ದೆ, ಈಗ ಬಂದ್ರು ಮಾರಾಯ್ರೆ’ ಎಂದೂ ಹೇಳಿದ್ದ. ಅವರ ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದವಿತ್ತು. ಮುಂದಿನ ವರ್ಷ ತರಿಸಬೇಕಾದ ಕಾದಂಬರಿಗಳ ಪಟ್ಟಿ ಅದು ಎಂದು ನನಗೆ ಆಮೇಲೆ ಮಾಮನಿಂದ ತಿಳಿಯಿತು.

ನಾನು ಶುರುಮಾಡಿದೆ. ಅಸ್ತರಿನ ಮಾತಿಗೆ ಮಾಸ್ತರರು ‘ವಾಹ್’ ಎಂದರು. ಇನ್ನೊಂದು ಕಾದಂಬರಿಯ ‘ಕೊನೆಯ ಮೂರು ಅಧ್ಯಾಯಕ್ಕೆ ಬರೀ ಕಚ್ಚಾ ಹೊಲಿಗೆ, ಎಳೆದರೆ ಬಿಡುತ್ತದೆ’ ಎಂದಾಗ ಚಾಪೆಯ ಮೇಲೆ ನಗೆ ಹರಿದಾಡಿತು. ಸೂಜಿಗೆ ದಾರ ಪೋಣಿಸಲು ಬಾರದ ನನಗೆ ಇಷ್ಟೊಂದು ಹೊಲಿಗೆಯ ಮಾತು ಎಲ್ಲಿಂದ ಬಂತೆಂದು ಆ ಹೊತ್ತಿಗೆ ನನಗೇ ಅನುಮಾನ ಬರಬೇಕಿತ್ತು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಭಾಗೀರಥಿಗೆ ಬಂದಿತ್ತು. ಅವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದಳು. ನಾನು ಏಳನೆಯ ಕಾದಂಬರಿಗೆ ಬಂದೆ. ಅದನ್ನು ನಾನು ತೆರೆದಿದ್ದು ಕೊನೆಯ ಹಾಳೆಯಲ್ಲಿ ಮಾತ್ರ. ಡೈರಿಯಲ್ಲಿದ್ದುದನ್ನು ಓದಿದೆ: ‘ಈ ಹೆಂಗಸು ಬಾಗಿಲು ತೆಗೆದುಕೊಂಡು ಹೊರಗೆ ಹೋದದ್ದು ಸರಿ. ನಾನೂ ಹೋಗಬೇಕಿತ್ತು. ಹೋಗಲಿಲ್ಲ.’

ಮಾಳಿಗೆಯ ತುಂಬ ಚಪ್ಪಾಳೆ ಬಿತ್ತು. ನಾನು ಬಾಗಿಲ ಕಡೆ ನೋಡಿದ್ದು ಆಗಲೇ. ಯಮುನಕ್ಕ ಚಪ್ಪಾಳೆ ತಟ್ಟುತ್ತಿರಲಿಲ್ಲ. ಮುಂದಿನ ಕಾದಂಬರಿಯ ಅಭಿಪ್ರಾಯ ಶುರುಮಾಡಿದೆ. ಅವರ ತುಟಿ ಅಲ್ಲಾಡುತ್ತಿತ್ತು. ನಾನು ಹೇಳುವ ಶಬ್ದಕ್ಕಿಂತ ಅರ್ಧ ಶಬ್ದ ಮುಂದೆ ಅದು ಅಲ್ಲಾಡುತ್ತಿತ್ತು. ನನಗೆ ಎಲ್ಲ ತಿಳಿಯಿತು. ಡೈರಿ ಮುಚ್ಚಿ, ಇದು ನಕಲು, ಮೂಲ ಅಲ್ಲಿ ಕುಳಿತಿದೆ ಎಂದು ಹೇಳಲು ಬೇಕಾದಷ್ಟು ಸಮಯವಿತ್ತು. ನಾನು ಉಳಿದ ಮೂರು ಕಾದಂಬರಿಗಳ ಅಭಿಪ್ರಾಯವನ್ನೂ ಓದಿ ಮುಗಿಸಿ, ನಮಸ್ಕಾರ ಮಾಡಿ ಕುಳಿತೆ.

ಯಮುನಕ್ಕನ ಹೆಸರು ಕರೆದರು. ಅವರು ಎದ್ದು ನಿಂತು, ಕಾಗದವನ್ನು ಇನ್ನೊಂದು ಮಡಿಕೆ ಮಾಡಿದರು.

‘ನಾ ಹೇಳೂದು ಎಂತದೂ ಉಳ್ದಿಲ್ಲ. ಎಲ್ಲ ಅವ್ರೇ ಹೇಳಿ ಮುಗ್ಸಿದ್ರು.’

‘ಹೆದರಬೇಡಿ ತಂಗಿ, ತೋಚಿದ್ದು ನಾಲ್ಕು ಮಾತು ಹೇಳಿ’ ಎಂದು ಮಾಸ್ತರರು ಧೈರ್ಯ ತುಂಬಿದರು. ಯಾರೋ ಕಿಸಕ್ಕನೆ ನಕ್ಕರು. ಯಮುನಕ್ಕ ಕುಳಿತುಬಿಟ್ಟರು. ಕಾದಂಬರಿ ಆರಿಸುವ ಪದವಿ ಒಮ್ಮತದಿಂದ ನನಗೆ ಬಂತು.

ಮನೆಗೆ ನಡೆದು ಬರುವಾಗ ಭಾಗೀರಥಿ, ‘ನಾನು’ ಎನ್ನುವುದನ್ನು ‘ಆನು’ ಎನ್ನುವ ನಮ್ಮ ಮನೆಮಾತಿನಲ್ಲಿ ಕೇಳಿದಳು, ‘ಅಸ್ತರ್ ಅಂದ್ರೆ ಎಂತದು ಗೊತ್ತಿದ್ದಾ ನಿಂಗ್ಳಿಗೆ?’

‘ಗೊತ್ತಿದ್ದು.’

‘ಎಂತದು, ಹೇಳಿ ನೋಡನ.’

ನಾನು ರಸ್ತೆ ನೋಡಿದೆ.

‘ಅದು ಹೋಗ್ಲಿ. ನಿಂಗ ಬಾಗ್ಲು ತಕ್ಕಂಡು ಎಲ್ಲಿಗೆ ಹೋಗವಾಗಿತ್ತು? ಹೇಳಿದ್ರೆ ಆನೇ ಬುತ್ತಿ ಕಟ್ಟಿ ಕಳಸ್ತಿದ್ದೆ.’

ನನಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ‘ಆ ಹೆಂಗ್ಸಿನ ತುಟಿ ಆನೂ ನೋಡಿದ್ದೆ’ ಎಂದಳು.

ಮುಂದಿನ ವರ್ಷದ ಕಾದಂಬರಿಗಳನ್ನು ನಾನು ಮುಖಪುಟದ ಬಣ್ಣ ನೋಡಿ ಆರಿಸಿದೆ. ಮಾರ್ಚಿನಲ್ಲಿ ಅವುಗಳ ಹಿಂದಿನ ಹಾಳೆ ತೆರೆದು ನೋಡಿದರೆ ಎಲ್ಲವೂ ಖಾಲಿ. ಹಳೆಯ ಪುಸ್ತಕಗಳಲ್ಲೂ ಆ ಅಕ್ಷರ ಹೊಸದಾಗಿ ಎಲ್ಲಿಯೂ ಬಿದ್ದಿರಲಿಲ್ಲ. ಯಮುನಕ್ಕ ಪುಸ್ತಕ ಒಯ್ಯುತ್ತಾರೆ, ಆದರೆ ಈಗ ಏನೂ ಬರೆಯುವುದಿಲ್ಲ ಎಂದ ಪಾಂಡುರಂಗ ಮಾಮ. ಒಂದು ಶನಿವಾರ, ಬರಿಗೈಯಲ್ಲಿ ಹೋಗಲು ಧೈರ್ಯವಾಗದೆ, ಭಾಗೀರಥಿಯ ಒಂದು ರವಿಕೆ ಬಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ.

‘ಯಮುನಕ್ಕಾ, ಒಂದು ಮಾತು ಹೇಳೂದಿತ್ತು’ ಎಂದೆ.

‘ಅಳತೆ ರವಿಕೆ ತಂದಿದ್ರಾ?’ ಎಂದರು ಅವರು, ಮಿಷನ್ನಿನಿಂದ ತಲೆ ಎತ್ತದೆ.

ತಂದಿರಲಿಲ್ಲ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಮೂರು ಸಲ ಅಭ್ಯಾಸ ಮಾಡಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ತಪ್ಪಾಯಿತು ಎಂದಷ್ಟೇ ಹೇಳಿದೆ. ಮಿಷನ್ನು ನಿಂತಿತು.

‘ನೀವು ನಕಲು ಮಾಡೂ ಕೆಲ್ಸದಲ್ಲಿ ಇರೂದಂತೆ. ಮಾಮ ಹೇಳಿದ್ರು. ಒಂದು ಶಬ್ದನೂ ಆಚೀಚೆ ಆಗಿರ್ಲಿಲ್ಲ, ಅದು ಖರೆ.’ ದಾರವನ್ನು ಹಲ್ಲಿನಿಂದ ಕಡಿದು ಮುಂದುವರಿಸಿದರು. ‘ಆದ್ರೆ ಕಚೇರಿಲಿ ಕೆಳಗೆ ಮೊಹರು ಹೊಡೀತ್ರಲ್ಲ, ಇದು ನಕಲು ಅಂತ? ಮಾಳಿಗೆ ಮೇಲೆ ಅದೊಂದು ಯಾಕೆ ಮರೆತ್ರಿ?’

ಕೂಟದ ದಿನ ಅವರ ಕೈಯಲ್ಲಿದ್ದ ಪಟ್ಟಿಯನ್ನು ಕೊಟ್ಟರೆ ಈಗಲಾದರೂ ಅದರಲ್ಲಿದ್ದ ಪುಸ್ತಕಗಳನ್ನೇ ತರಿಸುತ್ತೇನೆ ಎಂದೆ.

‘ಅದಾ? ತೋಳಿನ ಕಟಿಂಗಿಗೆ ಕಾಗದ ಕಮ್ಮಿ ಬಿತ್ತು, ಕತ್ತರಿಸ್ದೆ.’ ಬಟ್ಟೆಯ ಅಂಚು ಸವರಿದರು. ‘ಹೋಗಬೇಕಿತ್ತು ಅಂದದ್ದು ನಾನು ಯಾರ ಹತ್ರವೂ ಬಾಯಿಬಿಟ್ಟು ಹೇಳಿದ್ದಲ್ಲ, ಮಾರಾಯ್ರೆ. ಹೆಸರು ಬೇಡ ಅಂತ ಇತ್ತು, ಅದ್ಕೆ ಬರ್ದದ್ದು. ಅದಕ್ಕೆ ಚಪ್ಪಾಳೆ ಹೊಡದ್ರು, ಕಂಡ್ರಾ?’

ರವಿಕೆ ಮಾತ್ರ ಹೊಲಿದು ಕೊಟ್ಟರು. ಅಳತೆಯಿಲ್ಲದೆ, ನಾನು ಕೈಯಾಡಿಸಿ ತೋರಿಸಿದ ಅಂದಾಜಿನ ಮೇಲೆ. ಭಾಗೀರಥಿಗೆ ಅದು ಸರಿಯಾಗಿ ಕೂತಿತು. ಅಸ್ತರನ್ನು, ಮೇಲಿನ ಬಟ್ಟೆಯ ಒಳಗೆ ಹೊಲಿಯುವ ಆ ತೆಳು ಬಟ್ಟೆಯನ್ನು, ನಾನು ಕಣ್ಣಾರೆ ನೋಡಿದ್ದು ಅದರಲ್ಲೇ.

ಪದವಿಯನ್ನು ಆ ವರ್ಷವೇ ಬಿಟ್ಟೆ, ಕಾರಣ ಹೇಳಲಿಲ್ಲ. ವಿನಯವಂತ ಎಂಬ ಹೆಸರು ಬಂತು. ಈಗಲೂ ಯಾವುದಾದರೂ ಕಾದಂಬರಿ ಓದಿ ಒಂದು ಒಳ್ಳೆಯ ಮಾತು ಹೇಳಹೊರಟರೆ, ‘ಇದು ನಿಂಗ್ಳದ್ದಾ, ಪೆನ್ಸಿಲಿಂದಾ?’ ಎಂಬ ಪ್ರಶ್ನೆ ಅಡುಗೆಮನೆಯಿಂದ ಬರುತ್ತದೆ. ಹಾಗಾಗಿ ‘ಚೆನ್ನಾಗಿದೆ’ ಎಂದಷ್ಟೇ ಹೇಳುತ್ತೇನೆ. ಅದು ನಿಸ್ಸಂದೇಹವಾಗಿ ನನ್ನದು.

ಮಾಸ್ತರರು ಹೋದರು. ಪಾಂಡುರಂಗ ಮಾಮನೂ ಹೋದ. ಅಂಗಡಿಯಲ್ಲಿ ಈಗ ಮೊಬೈಲು ಮಾರುತ್ತಾರೆ. ಚಾಪೆಯ ಮೇಲಿದ್ದ ಉಳಿದವರು ಚಪ್ಪಾಳೆ ಹೊಡೆದರೇ ಹೊರತು ಏನನ್ನೂ ಕಾಣಲಿಲ್ಲ. ಆ ಮಧ್ಯಾಹ್ನ ನಡೆದದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಈಗ ಇಬ್ಬರು ಇದ್ದಾರೆ. ಒಬ್ಬಳು ನನ್ನ ಹೆಂಡತಿ ಭಾಗೀರಥಿ. ಇನ್ನೊಬ್ಬರು ಸಿದ್ದಾಪುರದ ಯಮುನಕ್ಕ. ಈ ಬರಹದಲ್ಲಿ ನಿಮಗೆ ಹಿಡಿಸಿದ ಮಾತು ಯಾವುದಾದರೂ ಇದ್ದರೆ ಅದು ಇವರಿಬ್ಬರಲ್ಲಿ ಒಬ್ಬರದು, ನನ್ನದು ನಕಲು.